ದಮ್ ಪುಖ್ತ್: ಒಂದು ಪಾಕಪದದ ಅರ್ಥ ಮತ್ತು ಮೂಲ

ಕನ್ನಡದ ಪಾಕಪುಸ್ತಕಗಳಲ್ಲೂ ಹೋಟೆಲುಗಳ ತಿಂಡಿಪಟ್ಟಿಗಳಲ್ಲೂ ಇಂದು ಧಾರಾಳವಾಗಿ ಬಳಕೆಯಾಗುವ ‘ದಮ್’ ಎಂಬ ಮಾತಿಗೆ ಹೆಚ್ಚಿನ ಓದುಗರು ‘ನಿಧಾನವಾಗಿ ಬೇಯಿಸುವುದು’ ಎಂಬ ಅರ್ಥವನ್ನೇ ಕೊಡುತ್ತಾರೆ. ಅದರ ಪೂರ್ಣರೂಪವಾದ ‘ದಮ್ ಪುಖ್ತ್’ ಎಂಬುದು ಲಖನೌ ನಗರದಲ್ಲಿ, ಒಬ್ಬ ನವಾಬನ ಕಾಲದಲ್ಲಿ, ಬರಗಾಲದ ನಡುವೆ ಹುಟ್ಟಿತೆಂಬ ಕಥೆಯೂ ಆ ಅರ್ಥದ ಜೊತೆಗೇ ಪ್ರಚಾರ ಪಡೆದಿದೆ. ಈ ಅರ್ಥ ಮತ್ತು ಈ ಕಥೆ ಎರಡನ್ನೂ ಪರಿಶೀಲಿಸುವುದು ಮುಂದಿನ ಸಂವಾದದ ಉದ್ದೇಶ. ಮಾತನಾಡುವವರು ಇಬ್ಬರು: ದೊಡ್ಡ ಅಡುಗೆಗಳಲ್ಲಿ ಬಹುಕಾಲ ಪಳಗಿದ ಬಾಣಸಿಗರು, ಮತ್ತು ಕನ್ನಡದ ಅನ್ಯದೇಶ್ಯ ಪದಗಳ, ಅಂದರೆ ಹೊರಗಿನ ಭಾಷೆಗಳಿಂದ ಬಂದು ಸೇರಿದ ಪದಗಳ, ಕೋಶವೊಂದನ್ನು ಸಿದ್ಧಪಡಿಸುತ್ತಿರುವ ನಿಘಂಟುಕಾರರು.

ಬಾಣಸಿಗ: ಕೋಶದ ಕರಡಿನಲ್ಲಿ ‘ದಮ್’ ಎಂಬುದರ ಎದುರಿಗೆ ‘ನಿಧಾನವಾಗಿ ಬೇಯಿಸುವಿಕೆ’ ಎಂದಷ್ಟೇ ಬರೆದಿರುವುದು ಅಡುಗೆಮನೆಯ ಅನುಭವಕ್ಕೆ ಹೊಂದುವುದಿಲ್ಲ. ಹುರುಳಿಯ ಕಟ್ಟು ಗಂಟೆಗಟ್ಟಲೆ ಕುದಿಯುತ್ತದೆ, ಹಾಲು ಇಂಗಿ ಖೋವಾ ಆಗಲು ಬಹಳ ಹೊತ್ತು ಹಿಡಿಯುತ್ತದೆ. ಆದರೂ ಅವುಗಳನ್ನು ಯಾವ ಅಡುಗೆಯವರೂ ದಮ್ ಎಂದು ಕರೆಯುವುದಿಲ್ಲ. ಬಾಯಿ ತೆರೆದ ಪಾತ್ರೆಯಲ್ಲಿ ಇಡೀ ರಾತ್ರಿ ಬೇಯಿಸಿದರೂ ಅದು ದಮ್ ಆಗದು, ಆದರೆ ಬಸಿದ ಅನ್ನದ ತಪ್ಪಲೆಯನ್ನು ಬಿಗಿಯಾಗಿ ಮುಚ್ಚಿ ಕಾಲು ಗಂಟೆ ಕೆಂಡದ ಮೇಲಿಟ್ಟರೆ ಅದನ್ನು ‘ದಮ್ಮಿಗೆ ಇಟ್ಟದ್ದು’ ಎನ್ನುತ್ತಾರೆ. ಹಾಗಿದ್ದ ಮೇಲೆ ನಿಧಾನವನ್ನೇ ಮುಖ್ಯಾರ್ಥವಾಗಿ ಹೇಗೆ ಹಿಡಿಯುವುದು?

ನಿಘಂಟುಕಾರ: ತಮ್ಮ ಆಕ್ಷೇಪಕ್ಕೆ ಪದದ ಮೂಲವೂ ಬೆಂಬಲವಾಗಿ ನಿಲ್ಲುತ್ತದೆ. ಪಾರಸಿಯಲ್ಲಿ ‘ದಮ್’ ಎಂದರೆ ಮೊದಲಿಗೆ ಉಸಿರು. ಆ ಮೇಲೆ ಬಿಸಿಯುಸಿರಿನ ಹೋಲಿಕೆಯಿಂದ ಆವಿ, ಹಬೆ. ‘ಪುಖ್ತ್’ ಎಂಬುದು ಬೇಯಿಸುವುದು ಎಂಬ ಅರ್ಥದ ‘ಪುಖ್ತನ್’ ಎಂಬ ಕ್ರಿಯಾಪದದ ಭೂತರೂಪ. ಎರಡೂ ಸೇರಿದ ಸಮಾಸಕ್ಕೆ ‘ಉಸಿರಿನಲ್ಲಿ ಬೆಂದದ್ದು’, ಅಂದರೆ ತನ್ನದೇ ಹಬೆಯಲ್ಲಿ ಬೆಂದದ್ದು, ಎಂಬ ಅರ್ಥ ಬರುತ್ತದೆಯೇ ಹೊರತು ಕಾಲದ ಉದ್ದವನ್ನು ಸೂಚಿಸುವ ಯಾವ ಅಂಶವೂ ಅದರಲ್ಲಿಲ್ಲ. ಪಾರಸಿಯ ‘ದಮ್’ಗೆ ಕ್ಷಣ ಎಂಬ ಅರ್ಥವೂ ಉಂಟು, ಏಕೆಂದರೆ ಒಂದು ಉಸಿರಿಗೆ ಹಿಡಿಯುವ ಹೊತ್ತು ಕ್ಷಣಮಾತ್ರದ್ದು, ಕಾಲದ ಅರ್ಥವನ್ನೇ ಹುಡುಕಿ ಹೋದರೆ ಸಿಗುವುದು ನಿಧಾನದ ವಿರುದ್ಧ ದಿಕ್ಕಿನದು.

ಬಾಣಸಿಗ: ಕನ್ನಡದ ಆಡುಮಾತಿನಲ್ಲಿ ‘ದಮ್ಮು’ ಎಂಬುದು ಅಡುಗೆಗಿಂತ ಮೊದಲೇ ಇದ್ದಂತೆ ತೋರುತ್ತದೆ. ಏದುಸಿರಿನ ಕಾಯಿಲೆಗೆ ಹಳ್ಳಿಗಳಲ್ಲಿ ದಮ್ಮು ಎನ್ನುತ್ತಾರೆ, ಧೈರ್ಯವಿದ್ದವನಿಗೆ ದಮ್ಮಿದೆ ಎನ್ನುತ್ತಾರೆ, ಬೀಡಿ ಸೇದುವುದನ್ನು ದಮ್ಮು ಎಳೆಯುವುದು ಎನ್ನುತ್ತಾರೆ. ಇವೆಲ್ಲವೂ ಅದೇ ಪದವೇ?

ನಿಘಂಟುಕಾರ: ಅದೇ ಪದ. ಬಹಮನಿ ಸುಲ್ತಾನರ ಕಾಲದಿಂದ ಕಲಬುರಗಿ, ಬೀದರ್, ವಿಜಯಪುರಗಳ ಆಡಳಿತದಲ್ಲಿ ಪಾರಸಿಯೂ ಪೇಟೆಬೀದಿಯಲ್ಲಿ ದಖ್ಖನಿಯೂ ನಡೆಯುತ್ತಿದ್ದವು. ಮುಂದೆ ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆ ಬಂತು. ದರ್ಬಾರು, ದಫ್ತರು, ಜಮೀನು, ಕಚೇರಿಗಳಂತಹ ಆಡಳಿತದ ಮಾತುಗಳ ಜೊತೆಗೆ ದೇಹ ಮತ್ತು ಉಸಿರಿಗೆ ಸಂಬಂಧಿಸಿದ ಮಾತುಗಳೂ ಕನ್ನಡಕ್ಕೆ ಬಂದವು. ಹೀಗಾಗಿ ಕನ್ನಡದ ಓದುಗನಿಗೆ ‘ದಮ್ ಬಿರಿಯಾನಿ’ಯಲ್ಲಿರುವ ದಮ್ ಪರಕೀಯವೆನಿಸಿದರೂ, ಅದರ ಮೂಲಾರ್ಥವನ್ನು ಅವನು ಆಗಲೇ ಬಲ್ಲ, ಆದರೆ ಆ ಎರಡನ್ನು ಜೋಡಿಸುವ ಕೆಲಸವನ್ನು ಕೋಶಗಳು ಇದುವರೆಗೆ ಅವನಿಗೆ ಮಾಡಿಕೊಟ್ಟಿಲ್ಲ.

ಬಾಣಸಿಗ: ಕೆಲವರು ಇದನ್ನು ಸಂಸ್ಕೃತದ ‘ದಮ’ಕ್ಕೆ, ಶಮದಮಾದಿಗಳಲ್ಲಿ ಬರುವ ಇಂದ್ರಿಯನಿಗ್ರಹಕ್ಕೆ, ಸೇರಿಸುತ್ತಾರೆ. ಉರಿಯನ್ನೂ ಆವಿಯನ್ನೂ ಹತೋಟಿಯಲ್ಲಿ ಇಡುವ ಕೆಲಸವೇ ಆದ್ದರಿಂದ ಆ ವಿವರಣೆ ಒಪ್ಪುವಂತೆಯೇ ಕಾಣುತ್ತದೆ.

ನಿಘಂಟುಕಾರ: ಕಾಣುವುದು ಹೌದು, ಆದರೆ ಅದು ಲೋಕನಿರುಕ್ತಿ, ಅಂದರೆ ಧ್ವನಿಯ ಹೋಲಿಕೆಯನ್ನು ನಂಬಿ ಜನ ಕಟ್ಟಿಕೊಳ್ಳುವ ವ್ಯುತ್ಪತ್ತಿ. ನಿಗ್ರಹದ ‘ದಮ’ ಪಳಗಿಸು ಎಂಬ ಅರ್ಥದ ಬೇರೆಯೇ ಧಾತುವಿನಿಂದ ಬಂದದ್ದು. ಪಾರಸಿಯ ದಮ್‌ಗೆ ಸಂಸ್ಕೃತದಲ್ಲಿ ನಿಜವಾದ ಬಂಧು ‘ಧ್ಮಾ’ ಅಥವಾ ‘ಧಮ್’, ಅಂದರೆ ಊದು ಎಂಬ ಧಾತು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಶಂಖಗಳನ್ನು ಊದಿದರೆಂದು ಹೇಳುವಾಗ ಬರುವ ‘ದಧ್ಮೌ’ ಎಂಬ ಕ್ರಿಯಾರೂಪ ಈ ಧಾತುವಿನದೇ. ಹೊಟ್ಟೆಯುಬ್ಬರಕ್ಕೆ ಆಯುರ್ವೇದದಲ್ಲಿರುವ ‘ಆಧ್ಮಾನ’ ಎಂಬ ಹೆಸರೂ, ಮೊದಲಿಗೆ ಊದುಗೊಳವೆ ಎಂಬ ಅರ್ಥವಿದ್ದು ಆ ಮೇಲೆ ರಕ್ತನಾಳಕ್ಕೆ ಸಂದ ‘ಧಮನಿ’ಯೂ ಇದರ ಮಕ್ಕಳು. ಸಂಸ್ಕೃತದ ಧ, ಭಗಳಂತಹ ಮಹಾಪ್ರಾಣ ವ್ಯಂಜನ ಇರಾನಿನ ಭಾಷೆಗಳಲ್ಲಿ ಅಲ್ಪಪ್ರಾಣವಾಗುವುದು ನಿಯತವಾದ ಬದಲಾವಣೆಯಾದ್ದರಿಂದ ‘ಧ’ ಅಲ್ಲಿ ‘ದ’ ಆಗಿದೆ.

ಬಾಣಸಿಗ: ಹಾಗಾದರೆ ‘ಪುಖ್ತ್’ ಎಂಬುದಕ್ಕೂ ‘ಪಾಕ’ಕ್ಕೂ ನಂಟು ಇರಲೇಬೇಕು.

ನಿಘಂಟುಕಾರ: ಇದೆ. ಸಂಸ್ಕೃತದ ‘ಪಚ್’ ಧಾತುವಿನಿಂದ ಪಾಕ, ಪಕ್ವ, ಪಚನಗಳು ಬಂದಿರುವಂತೆಯೇ ಅದೇ ಪ್ರಾಚೀನ ಮೂಲದಿಂದ ಪಾರಸಿಯ ‘ಪುಖ್ತನ್’ ಬಂದಿದೆ; ಅಡುಗೆಯವನಿಗೆ ಪಾರಸಿಯಲ್ಲಿರುವ ‘ಆಶ್‌ಪಜ್’ ಎಂಬ ಹೆಸರಿನ ‘ಪಜ್’ ಕೂಡ ಆ ಧಾತುವಿನ ವರ್ತಮಾನರೂಪ. ಸಂಸ್ಕೃತದ ‘ಕ್ತ’ ಪಾರಸಿಯಲ್ಲಿ ‘ಖ್ತ’ ಆಗುವುದಕ್ಕೆ ಇನ್ನೊಂದು ಉದಾಹರಣೆ ‘ಭಕ್ತ’ ಮತ್ತು ‘ಬಖ್ತ್’. ಪಾಲಾಗಿ ಹಂಚಿದ್ದು ಎಂಬ ಮೂಲಾರ್ಥದಿಂದ ಪಾರಸಿಯ ಬಖ್ತ್‌ಗೆ ಅದೃಷ್ಟವೆಂಬ ಅರ್ಥ ಬಂದರೆ, ಸಂಸ್ಕೃತದಲ್ಲಿ ಭಕ್ತಕ್ಕೆ ಬೆಂದ ಅನ್ನ ಎಂಬ ಅರ್ಥವೂ ಬಂದು, ಪ್ರಾಕೃತದ ‘ಭತ್ತ’ ಹಾಗೂ ಮರಾಠಿಯ ‘ಭಾತ್’ಗಳ ಮೂಲಕ ಅದು ಕನ್ನಡದ ಬಿಸಿಬೇಳೆಬಾತಿನವರೆಗೆ ನಡೆದಿದೆ. ಹಿಂದಿಯ ‘ಪಕ್ಕಾ’ ಪಕ್ವದಿಂದ ಬಂದದ್ದು, ಉರ್ದುವಿನ ‘ಪುಖ್ತಾ’ ಪಾರಸಿಯಿಂದ ಬಂದದ್ದು. ಎರಡಕ್ಕೂ ಗಟ್ಟಿಯಾದದ್ದು, ಬಲಿತದ್ದು ಎಂಬ ಒಂದೇ ಅರ್ಥವಿರುವುದು ಆಕಸ್ಮಿಕವಲ್ಲ. ಬೆಂದದ್ದನ್ನೂ ಬಲಿತದ್ದನ್ನೂ ಒಂದೇ ಪದದಿಂದ ಹೇಳುವ ರೂಢಿ ಈ ಭಾಷೆಗಳು ಬೇರೆಯಾಗುವುದಕ್ಕೆ ಮೊದಲೇ ಇದ್ದಿರಬೇಕು.

ಬಾಣಸಿಗ: ಪದದ ಕುಲಗೋತ್ರ ತಿಳಿಯಿತು, ಈಗ ಕೆಲಸದ ಕಡೆಗೆ ಬರೋಣ, ಏಕೆಂದರೆ ‘ಹಬೆಯಲ್ಲಿ ಬೆಂದದ್ದು’ ಎಂದಷ್ಟೇ ಬರೆದರೆ ಇಡ್ಲಿಯೂ ಕಡುಬೂ ದಮ್ ಆಗಿಬಿಡುತ್ತವೆ. ಇಡ್ಲಿ ಬೇಯುವುದು ಕೆಳಗಿನ ನೀರಿನ ಹಬೆಯಲ್ಲಿ; ಆ ಹಬೆ ಹೊರಗಿನಿಂದ ಬಂದು ಹಿಟ್ಟನ್ನು ಮುಟ್ಟಿ ಹೊರಗೇ ಹೋಗುತ್ತದೆ. ದಮ್‌ನಲ್ಲಿ ಬೇರೆ ನೀರು ಇರುವುದಿಲ್ಲ, ಇದ್ದರೂ ಬಹು ಕಡಿಮೆ. ಮಾಂಸ, ಈರುಳ್ಳಿ, ಮೊಸರುಗಳು ಬಿಟ್ಟುಕೊಳ್ಳುವ ನೀರೇ ಬಿಸಿಯಾಗಿ ಹಬೆಯಾಗಿ ಮೇಲೇರಿ, ಮುಚ್ಚಳದ ಒಳಮೈಗೆ ತಾಗಿ ಹನಿಯಾಗಿ ಮತ್ತೆ ಅದೇ ಪದಾರ್ಥದ ಮೇಲೆ ಬೀಳುತ್ತದೆ. ಬಾಯಿ ಕಿರಿದಾದ ಹಂಡಿ ಅಥವಾ ದೇಗ್, ಅಂದರೆ ತಳ ದಪ್ಪವಿರುವ ಕಲಾಯಿ ಹಾಕಿದ ತಾಮ್ರದ ದೊಡ್ಡ ಪಾತ್ರೆ, ಇದಕ್ಕೆ ಬೇಕು. ಮುಚ್ಚಳಕ್ಕೂ ಕಂಠಕ್ಕೂ ನಡುವಿನ ಸಂದನ್ನು ಗೋಧಿಹಿಟ್ಟಿನ ಕಣಕದಿಂದ ಮೆತ್ತಿ, ಕೆಳಗೆ ಬೂದಿ ಮುಸುಕಿದ ಕೆಂಡ ಉಳಿಸಿ, ಮುಚ್ಚಳದ ಮೇಲೂ ಒಂದಿಷ್ಟು ಕೆಂಡ ಹರಡುತ್ತಾರೆ. ಏಲಕ್ಕಿ, ಜಾಪತ್ರೆ, ಕೇಸರಿಗಳ ಪರಿಮಳ ಹಬೆಯ ಜೊತೆಗೆ ಹೊರಟುಹೋಗುವ ಸ್ವಭಾವದ್ದಾದ್ದರಿಂದ, ಬಾಯಿ ಕಟ್ಟದಿದ್ದರೆ ಅದು ಬೀದಿಗೆ ಸೇರುತ್ತದೆ, ಊಟದವರಿಗೆ ಉಳಿಯುವುದಿಲ್ಲ.

ನಿಘಂಟುಕಾರ: ಹಿಟ್ಟಿನಿಂದ ಬಾಯಿ ಕಟ್ಟಿದಾಗ ಒಳಗೆ ಒತ್ತಡ ಹೆಚ್ಚಿ, ಅದರಿಂದಲೇ ಮಾಂಸ ಮೆತ್ತಗಾಗುತ್ತದೆ ಎಂಬ ವಿವರಣೆ ಹಲವು ಪುಸ್ತಕಗಳಲ್ಲಿದೆ. ಅದು ಸರಿಯೇ?

ಬಾಣಸಿಗ: ಸರಿಯಲ್ಲ. ಕಣಕಕ್ಕೆ ಅಂತಹ ಬಲವಿಲ್ಲ. ಒತ್ತಡ ಸ್ವಲ್ಪ ಏರಿದರೂ ಅದು ಎಲ್ಲಾದರೂ ಬಿರುಕು ಬಿಟ್ಟು ಹಬೆಗೆ ದಾರಿ ಕೊಡುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ವಾತಾವರಣದ ಒತ್ತಡದ ಸುಮಾರು ಇಮ್ಮಡಿ ಒತ್ತಡವಿದ್ದು ಒಳಗಿನ ಶಾಖ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ದಮ್‌ನಲ್ಲಿ ಅದು ನೀರು ಕುದಿಯುವ ಮಟ್ಟವನ್ನು ದಾಟುವುದಿಲ್ಲ, ಅಂದರೆ ಸಮುದ್ರಮಟ್ಟದಲ್ಲಿ 100 ಡಿಗ್ರಿ, ಸಮುದ್ರಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ಮಾಂಸದ ಸ್ನಾಯುಗಳನ್ನು ಹಿಡಿದಿಡುವ ಕೊಲಾಜನ್ ಎಂಬ ಗಟ್ಟಿ ನಾರು ತೇವವಿರುವ ಶಾಖದಲ್ಲಿ, ಸುಮಾರು 60–70 ಡಿಗ್ರಿಯಿಂದ ಮೇಲಕ್ಕೆ, ಮೆಲ್ಲಮೆಲ್ಲನೆ ಕರಗಿ ಜೆಲಟಿನ್ ಎಂಬ ಮೃದು ಅಂಟಾಗುತ್ತದೆ. ಈ ಪರಿವರ್ತನೆಗೆ ಹೊತ್ತು ಬೇಕು, ಆದ್ದರಿಂದಲೇ ಮಾಂಸದ ದಮ್ ನಿಧಾನ. ಆದರೆ ಆ ನಿಧಾನ ಮಾಂಸದ ಗುಣಕ್ಕೆ ಸೇರಿದ್ದು; ಅದೇ ದಮ್‌ಗೆ ಆಲೂಗಡ್ಡೆಯನ್ನು ಇಟ್ಟರೆ ಬಹುಬೇಗ ಮುಗಿಯುತ್ತದೆ, ಅನ್ನವನ್ನು ಇಟ್ಟರೆ ಇನ್ನೂ ಬೇಗ. ಉರಿ ಜೋರು ಮಾಡಿ ಬೇಗ ಮುಗಿಸಲು ಹೋದವರಿಗೆ ತಳ ಸೀದು ಮೇಲೆ ಹಸಿ ಉಳಿಯುತ್ತದೆ.

ನಿಘಂಟುಕಾರ: ಇರಾನಿನಲ್ಲಿ ಈ ಪದಕ್ಕೆ ಇಂದಿಗೂ ಇರುವ ಬಳಕೆ ತಮ್ಮ ಮಾತನ್ನು ಪುಷ್ಟಿಗೊಳಿಸುತ್ತದೆ. ಅಲ್ಲಿ ‘ದಮ್ ಕರ್ದನ್’ ಎಂದರೆ ಮುಚ್ಚಿಟ್ಟು ಹಬೆಗೆ ಬಿಡುವುದು. ಅನ್ನಕ್ಕೂ ಅದೇ ಮಾತು, ಚಹಾ ಸೊಪ್ಪನ್ನು ಬಿಸಿನೀರಿನಲ್ಲಿ ನೆನೆಯಲು ಬಿಡುವುದಕ್ಕೂ ಅದೇ ಮಾತು. ಚಹಾ ನೆನೆಯಲು ಗಂಟೆಗಳು ಬೇಡ. ತುರ್ಕಿ ಭಾಷೆ ಈ ಪದವನ್ನು ಎರವಲು ಪಡೆದು ಚಹಾ ಇಳಿಸುವುದಕ್ಕೆ ‘ದೆಮ್ಲೆಮೆಕ್’ ಎನ್ನುತ್ತದೆ. ಉಜ್ಬೇಕರ ‘ದಿಮ್ಲಮಾ’ ಎಂಬ ಅಡುಗೆಯಲ್ಲಿ ಮಾಂಸ, ಈರುಳ್ಳಿ, ಆಲೂಗಡ್ಡೆ, ಕೋಸುಗಳನ್ನು ಪದರಪದರವಾಗಿ ಜೋಡಿಸಿ ಮುಚ್ಚಿ, ಅವುಗಳದೇ ರಸದಲ್ಲಿ ಬೇಯಲು ಬಿಡುತ್ತಾರೆ. ಇರಾನಿನ ಮನೆಗಳಲ್ಲಿ ಅಕ್ಕಿಯನ್ನೂ ಒಣಗಿದ ಹಳದಿ ಬಾಕಲಾ ಬೇಳೆಯನ್ನೂ ಸೇರಿಸಿ ಮಾಡುವ ಸಾದಾ ಅನ್ನದ ಹೆಸರು ‘ದಮ್‌ಪುಖ್ತಕ್’; ಅದು ಅರಮನೆಯ ಅಡುಗೆಯಲ್ಲ, ಬಡವರ ಮನೆಯಲ್ಲೂ ಆಗುವಂಥದ್ದು.

ಬಾಣಸಿಗ: ಇರಾನಿನವರು ಅನ್ನದ ಮುಚ್ಚಳಕ್ಕೆ ಬಟ್ಟೆ ಸುತ್ತುವ ಪದ್ಧತಿ ಇದೆಯೆಂದು ಕೇಳಿದ್ದುಂಟು.

ನಿಘಂಟುಕಾರ: ಆ ಬಟ್ಟೆಗೆ ‘ದಮ್‌ಕುನಿ’ ಎಂದೇ ಹೆಸರು. ಮುಚ್ಚಳದಿಂದ ಇಳಿಯುವ ಹನಿಯನ್ನು ಅದು ಹೀರಿಕೊಂಡು ಅನ್ನ ಮುದ್ದೆಯಾಗದಂತೆ ಕಾಯುತ್ತದೆ.

ಬಾಣಸಿಗ: ಇಲ್ಲಿಯೇ ಎರಡು ಕಸುಬುಗಳ ಅಂತರ ಗೊತ್ತಾಗುತ್ತದೆ. ಅನ್ನಕ್ಕೆ ಹನಿ ಬೇಡ, ಮಾಂಸಕ್ಕೆ ಹನಿ ಬೇಕು. ಹೈದರಾಬಾದಿನ ಕಚ್ಚೇ ಗೋಷ್ತ್ ಬಿರಿಯಾನಿಯಲ್ಲಿ, ಅಂದರೆ ಮೊಸರು ಮಸಾಲೆಯಲ್ಲಿ ನೆನೆಸಿದ ಹಸಿಮಾಂಸದ ಮೇಲೆ ಅರೆಬೆಂದ ಅನ್ನವನ್ನು ಹರಡಿ ಎರಡನ್ನೂ ಒಟ್ಟಿಗೆ ಬೇಯಿಸುವ ಕ್ರಮದಲ್ಲಿ, ಈ ಎರಡು ವಿರುದ್ಧ ಅಗತ್ಯಗಳನ್ನು ಒಂದೇ ಪಾತ್ರೆಯೊಳಗೆ ಪೂರೈಸಬೇಕಾಗುತ್ತದೆ. ಅಕ್ಕಿ ಎಷ್ಟು ಬೆಂದಾಗ ಬಸಿಯಬೇಕು, ಮೊಸರು ಎಷ್ಟು ನೀರು ಬಿಟ್ಟೀತು, ಕೆಂಡ ಎಷ್ಟು ಹೊತ್ತು ನಿಂತೀತು ಎಂಬುದನ್ನೆಲ್ಲ ಬಾಯಿ ಕಟ್ಟುವ ಮೊದಲೇ ಲೆಕ್ಕ ಹಾಕಿರಬೇಕು, ಏಕೆಂದರೆ ಕಟ್ಟಿದ ಮೇಲೆ ತೆರೆದು ನೋಡುವಂತಿಲ್ಲ, ಉಪ್ಪು ಹಾಕುವಂತಿಲ್ಲ, ಸೌಟು ಆಡಿಸುವಂತಿಲ್ಲ. ಒಳಗಿನ ಸದ್ದು ಕುದಿತದಿಂದ ಚಿಟಪಟಕ್ಕೆ ತಿರುಗಿದರೆ ನೀರು ಮುಗಿಯುತ್ತಿದೆ ಎಂದು ತಿಳಿಯಬೇಕು. ದಮ್ ಕಲಿಯುವುದು ಕಷ್ಟವಾಗುವುದು ಇದರಿಂದಲೇ, ಕಾಯುವುದರಿಂದ ಅಲ್ಲ.

ನಿಘಂಟುಕಾರ: ಬೇರೆ ದೇಶಗಳ ಪಾಕಪದಗಳನ್ನು ಜೊತೆಗಿಟ್ಟು ನೋಡಿದರೂ ಹೊತ್ತಿನ ಉದ್ದದಿಂದ ಹೆಸರು ಪಡೆದ ಅಡುಗೆ ಅಪರೂಪ. ಫ್ರೆಂಚರ ‘ಬ್ರೇಸ್’ ಎಂಬುದಕ್ಕೆ ಕೆಂಡ ಎಂದೇ ಅರ್ಥ. ಅವರ ಹಳೆಯ ಪಾತ್ರೆಗಳ ಮುಚ್ಚಳವೂ ಕೆಂಡ ನಿಲ್ಲಲೆಂದು ತಗ್ಗಾಗಿರುತ್ತಿತ್ತು. ಯಹೂದಿಗಳು ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂಬ ನಿಯಮದಿಂದಾಗಿ ಹಿಂದಿನ ಸಂಜೆಯೇ ಒಲೆಗೆ ಇಡುವ ‘ಹಮೀನ್’ ಬಿಸಿ ಎಂಬ ಪದದಿಂದ ಬಂದದ್ದು. ಕಾಶ್ಮೀರ ಮತ್ತು ಲಖನೌಗಳ ‘ಶಬ್ ದೇಗ್’ ಎಂದರೆ ರಾತ್ರಿಯ ಪಾತ್ರೆ, ಅದರಲ್ಲಿ ಮಾತ್ರ ಹೊತ್ತಿನ ಸುಳಿವಿದೆ.

ಬಾಣಸಿಗ: ಲಖನೌದ ಮಾತು ಬಂದದ್ದರಿಂದ ಆ ನವಾಬನ ಕಥೆಯನ್ನು ವಿಚಾರಿಸಬೇಕು. ಅಡುಗೆಯವರಲ್ಲಿ ಅದನ್ನು ಕೇಳದವರಿಲ್ಲ.

ನಿಘಂಟುಕಾರ: ಕಥೆ ಹೀಗಿದೆ. 1775ರಲ್ಲಿ ಪಟ್ಟಕ್ಕೆ ಬಂದು ಅವಧದ ರಾಜಧಾನಿಯನ್ನು ಫೈಜಾಬಾದಿನಿಂದ ಲಖನೌಗೆ ತಂದ ನವಾಬ ಆಸಫ್-ಉದ್-ದೌಲ, 1784ರ ಸುಮಾರಿನಲ್ಲಿ ಉತ್ತರ ಭಾರತವನ್ನು ಕಾಡಿದ ಕ್ಷಾಮದ ಕಾಲದಲ್ಲಿ ಪ್ರಜೆಗಳಿಗೆ ಕೂಲಿ ಸಿಗಲೆಂದು ಬಡಾ ಇಮಾಂಬಾಡಾದ ನಿರ್ಮಾಣ ಕೈಗೊಂಡನು. ಸಾವಿರಾರು ಕೂಲಿಕಾರರಿಗೆ ಹಗಲಿರುಳೂ ಊಟ ಸಿದ್ಧವಾಗಿರಬೇಕಾದ್ದರಿಂದ ಅಕ್ಕಿ, ಮಾಂಸ, ತರಕಾರಿ, ಮಸಾಲೆಗಳನ್ನು ಭಾರಿ ದೇಗ್‌ಗಳಲ್ಲಿ ತುಂಬಿ ಬಾಯಿ ಕಟ್ಟಿ ಸಣ್ಣ ಉರಿಯ ಮೇಲೆ ಇಡುತ್ತಿದ್ದರು; ಒಂದು ದಿನ ನವಾಬನು ಆ ಕಡೆ ಬಂದಾಗ ಪರಿಮಳಕ್ಕೆ ಮನಸೋತು, ಅದನ್ನು ಅರಮನೆಯ ಅಡುಗೆಯಾಗಿ ಮಾಡಲು ಆಜ್ಞಾಪಿಸಿದನು ಎಂಬುದು ಅದರ ಸಾರ. ಇದರಲ್ಲಿ ನವಾಬ, ಕ್ಷಾಮ, ಕಟ್ಟಡ ಮೂರೂ ಇತಿಹಾಸಕ್ಕೆ ಸೇರಿದವು. ವಿಕ್ರಮಶಕ 1840ರಲ್ಲಿ ಬಂದದ್ದರಿಂದ ‘ಚಾಲೀಸಾ’ ಎಂದು ಕರೆಯಲಾದ ಆ ಕ್ಷಾಮ ಬಹು ಭೀಕರವಾಗಿತ್ತು, ಕಟ್ಟಡ ಇಂದಿಗೂ ನಿಂತಿದೆ. ಆದರೆ ದಮ್ ಪುಖ್ತ್ ಆಗ ಹುಟ್ಟಿತು ಎಂಬ ಭಾಗ ಮಾತ್ರ ನಿಲ್ಲುವುದಿಲ್ಲ.

ಬಾಣಸಿಗ: ಹಾಗೆ ಖಚಿತವಾಗಿ ಹೇಳಲು ಆಧಾರವೇನು?

ನಿಘಂಟುಕಾರ: ಅಕ್ಬರನ ಆಸ್ಥಾನದ ಅಬುಲ್ ಫಜಲ್ 1590ರ ದಶಕದಲ್ಲಿ ಬರೆದ ‘ಐನ್-ಇ-ಅಕ್ಬರಿ’. ಅರಮನೆಯ ಅಡುಗೆಮನೆಯ ವ್ಯವಸ್ಥೆಯನ್ನು ವಿವರಿಸುವ ಆ ಭಾಗದಲ್ಲಿ ಅವನು ಭೋಜ್ಯಗಳನ್ನು ಮಾಂಸವಿಲ್ಲದವು, ಮಾಂಸ ಮತ್ತು ಅಕ್ಕಿ ಮೊದಲಾದವು ಸೇರಿದವು, ಮಸಾಲೆ ಸೇರಿದ ಮಾಂಸದವು ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ಬೇಕಾಗುವ ಪದಾರ್ಥಗಳ ತೂಕ ಕೊಡುತ್ತಾನೆ. ಮೂರನೆಯ ವರ್ಗದಲ್ಲಿ ‘ದಮ್‌ಪುಖ್ತ್’ ಎಂಬ ಹೆಸರೇ ಇದೆ: ಮಾಂಸ 10 ಸೇರು, ತುಪ್ಪ 2 ಸೇರು, ಈರುಳ್ಳಿ 1 ಸೇರು, ಹಸಿಶುಂಠಿ 11 ಮಿಸ್ಕಾಲ್, ಕಾಳುಮೆಣಸು 10 ಮಿಸ್ಕಾಲ್, ಲವಂಗ 2 ದಾಮ್, ಏಲಕ್ಕಿ 2 ದಾಮ್. ಇಲ್ಲಿನ ಮಿಸ್ಕಾಲ್ ಮತ್ತು ದಾಮ್‌ಗಳು ಸಣ್ಣ ತೂಕಗಳು. ದೀರ್ಘವಿರುವ ಈ ‘ದಾಮ್’ಗೂ ಉಸಿರಿನ ‘ದಮ್’ಗೂ ಸಂಬಂಧವಿಲ್ಲ. ಅಂದರೆ ನವಾಬನು ಪಟ್ಟಕ್ಕೆ ಬರುವುದಕ್ಕೆ ಸುಮಾರು 180 ವರ್ಷ ಮೊದಲೇ ಈ ಹೆಸರು ಅರಮನೆಯ ಲೆಕ್ಕಪತ್ರದಲ್ಲಿ ಸಾಮಾನ್ಯವಾಗಿ ಸೇರಿಹೋಗಿತ್ತು.

ಬಾಣಸಿಗ: ಈ ಪಟ್ಟಿಯಲ್ಲಿ ನೀರಿಲ್ಲ, ಮೆಣಸಿನಕಾಯಿ ಇಲ್ಲ, ಅಕ್ಕಿಯೂ ಇಲ್ಲ. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಅದು ಆಗಿನ್ನೂ ಅರಮನೆಯನ್ನು ಮುಟ್ಟಿರಲಿಲ್ಲ ಎಂದು ಊಹಿಸಬಹುದು. ತುಪ್ಪ ಮಾಂಸದ ಐದನೆಯ ಒಂದು ಪಾಲು. ಬೇಯಿಸುವ ಕ್ರಮ ಹೇಳಿಲ್ಲದಿದ್ದರೂ, ಈ ತೂಕಗಳನ್ನು ನೋಡಿದ ಯಾವ ಅಡುಗೆಯವನಿಗೂ ಪಾತ್ರೆಯ ಬಾಯಿ ಮುಚ್ಚಿಯೇ ಬೇಯಿಸಿರಬೇಕೆಂದು ತೋರುತ್ತದೆ. ಸೇರಿಸಿದ ನೀರಿಲ್ಲದೆ 10 ಸೇರು ಮಾಂಸವನ್ನು ತೆರೆದ ಪಾತ್ರೆಯಲ್ಲಿಟ್ಟರೆ ಅದು ತುಪ್ಪದಲ್ಲಿ ಹುರಿದು ಒಣಗುತ್ತದೆಯೇ ಹೊರತು ಬೇಯುವುದಿಲ್ಲ. ಹೆಸರೂ ಅದನ್ನೇ ಹೇಳುತ್ತದೆ.

ನಿಘಂಟುಕಾರ: ಅದೇ ಅಡುಗೆಮನೆಯಲ್ಲಿ ಬಾದಶಾಹನ ಊಟದ ತಾಮ್ರದ ಪಾತ್ರೆಗಳಿಗೆ ತಿಂಗಳಿಗೆ ಎರಡು ಸಲ ಕಲಾಯಿ ಹಾಕುತ್ತಿದ್ದರೆಂದು ಅಬುಲ್ ಫಜಲ್ ದಾಖಲಿಸಿದ್ದಾನೆ. ಇನ್ನೂ ಎರಡು ಸಾಕ್ಷಿಗಳು ಸೂರತ್ತಿನ ಕಡೆಯಿಂದ ಸಿಗುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದು ಕಾರವಾರ, ಗೋಕರ್ಣಗಳನ್ನೂ ಕಂಡುಹೋದ ಜಾನ್ ಫ್ರಯರ್ 1670ರ ದಶಕದಲ್ಲಿ, ಪಾದ್ರಿ ಜಾನ್ ಓವಿಂಗ್ಟನ್ 1689ರಲ್ಲಿ, ಬೆಣ್ಣೆ ಮಸಾಲೆಗಳೊಂದಿಗೆ ಮುಚ್ಚಿ ಬೇಯಿಸಿದ ಮಾಂಸವನ್ನು ‘ಡಂಪೋಕ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಫ್ರಯರನಂತೂ ಅದಕ್ಕೆ ಇಂಗ್ಲಿಷ್ ಪ್ರತ್ಯಯ ಸೇರಿಸಿ ಕ್ರಿಯಾಪದವನ್ನೇ ಮಾಡಿಕೊಂಡಿದ್ದಾನೆ. ಈ ಉಲ್ಲೇಖಗಳನ್ನು ಒಂದೆಡೆ ತಂದದ್ದು 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಕೋಶ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬನಾದ ಎ. ಸಿ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುವಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನು. ಕೋಶ ಮುದ್ರಣಗೊಳ್ಳುವ ಮೊದಲೇ, 1882ರಲ್ಲಿ, ತೀರಿಕೊಂಡನು. ಆ ಹೊತ್ತಿಗೆ ಇಂಗ್ಲಿಷರ ಬಂಗಲೆಗಳಲ್ಲಿ ‘ಡಂಪೋಕ್’ ಪದಕ್ಕೆ ಮೂಳೆ ತೆಗೆದು ಹೂರಣ ತುಂಬಿದ ಬಾತುಕೋಳಿ ಎಂಬ ಅರ್ಥ ಬಂದಿತ್ತು, ಅಂದರೆ ಕ್ರಮದ ಹೆಸರು ಒಂದು ತಿನಿಸಿಗೆ ಅಂಟಿಕೊಂಡಿತ್ತು.

ಬಾಣಸಿಗ: ಹಾಗೆ ಅಂಟಿಕೊಂಡ ಬೇರೆ ಕಡೆಗಳೂ ಇವೆಯೇ?

ನಿಘಂಟುಕಾರ: ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್. ಅಲ್ಲಿ ಬಿರಿಯಾನಿಗೆ ‘ಡಾನ್‌ಬೌಕ್’ ಎನ್ನುತ್ತಾರೆ. ಭಾರತದಿಂದ ರಂಗೂನಿಗೆ ವಲಸೆಹೋದ ಮುಸಲ್ಮಾನರ ‘ದಮ್‌ಪುಖ್ತ್’ ಬರ್ಮೀಯರ ನಾಲಗೆಯ ಮೇಲೆ ಆ ರೂಪ ಪಡೆದಿದೆ. ಕೊನೆಯ ಮೊಗಲ್ ಬಾದಶಾಹ ಬಹಾದುರ್ ಷಾ ಜಫರನನ್ನು 1858ರಲ್ಲಿ ಅದೇ ಊರಿಗೆ ಗಡೀಪಾರು ಮಾಡಿದ್ದರಿಂದ, ಪದವೂ ಅವನ ಜೊತೆಗೆ ಹಡಗು ಹತ್ತಿತೆಂದು ಹೇಳುವ ಆಸೆ ಯಾರಿಗಾದರೂ ಹುಟ್ಟಬಹುದು. ಅಂತಹ ಆಸೆಯನ್ನು ತಡೆದುಕೊಳ್ಳಬೇಕು. ಪದಗಳನ್ನು ಹೊತ್ತು ತಿರುಗಿದವರು ಹೆಚ್ಚಾಗಿ ವ್ಯಾಪಾರಿಗಳು, ಸಿಪಾಯಿಗಳು, ಹಡಗಿನ ಆಳುಗಳು ಮತ್ತು ಅಡುಗೆಯವರು. ಅವರ ಹೆಸರುಗಳು ಉಳಿಯದೆ ಹೋದದ್ದರಿಂದಲೇ ರಾಜರ ಹೆಸರುಗಳು ಆ ಜಾಗವನ್ನು ತುಂಬುತ್ತವೆ.

ಬಾಣಸಿಗ: ಪಾರಸಿಯ ಪದ ಬರುವುದಕ್ಕೆ ಮೊದಲು ಇಲ್ಲಿ ಬಾಯಿ ಕಟ್ಟಿ ಬೇಯಿಸುವುದು ಗೊತ್ತಿರಲಿಲ್ಲವೇ? ವೈದ್ಯರು ಔಷಧಿ ಮಾಡುವಾಗ ಮಣ್ಣು ಮೆತ್ತಿ ಸುಡುತ್ತಿದ್ದ ಕ್ರಮವೊಂದಿದೆಯಲ್ಲ?

ನಿಘಂಟುಕಾರ: ಅದಕ್ಕೆ ‘ಪುಟಪಾಕ’ ಎಂದು ಹೆಸರು. ಅರೆದ ಮೂಲಿಕೆಯನ್ನು ಎಲೆಗಳಲ್ಲಿ ಸುತ್ತಿ, ಮೇಲೆ ಮಣ್ಣು ಬಳಿದು, ಕೆಂಡದಲ್ಲಿ ಹೂತಿಟ್ಟು, ಮಣ್ಣು ಕೆಂಪಾದ ಮೇಲೆ ತೆಗೆದು ಒಳಗಿನ ರಸವನ್ನು ಹಿಂಡಿಕೊಳ್ಳುವ ಈ ಕ್ರಮವನ್ನು ಆಯುರ್ವೇದ ಬಹು ಹಿಂದಿನಿಂದ ಬಲ್ಲದು. ಲೋಹಗಳ ಭಸ್ಮ ಮಾಡುವವರು ಎರಡು ಮಣ್ಣಿನ ತಟ್ಟೆಗಳನ್ನು ಬಾಯಿಗೆ ಬಾಯಿ ಸೇರಿಸಿ, ಸಂದಿಗೆ ಮಣ್ಣು ಹಚ್ಚಿದ ಬಟ್ಟೆ ಸುತ್ತಿ, ಬೆರಣಿಯ ಕುಳಿಯಲ್ಲಿ ಸುಡುತ್ತಿದ್ದರು. ಎಂಟನೆಯ ಶತಮಾನದ ಭವಭೂತಿ ‘ಉತ್ತರರಾಮಚರಿತ’ದಲ್ಲಿ ಸೀತೆಯನ್ನು ಕಳೆದುಕೊಂಡ ರಾಮನ ಶೋಕವನ್ನು ಈ ಪುಟಪಾಕಕ್ಕೇ ಹೋಲಿಸಿದ್ದಾನೆ, ಹೊರಗೆ ಏನೂ ತೋರದೆ ಒಳಗೇ ಬೇಯುವ ಸಂಕಟಕ್ಕೆ ಅಷ್ಟು ನಿಖರವಾದ ಉಪಮೆಯನ್ನು ಅಡುಗೆ ಅಥವಾ ವೈದ್ಯವನ್ನು ಕಣ್ಣಾರೆ ನೋಡದ ಕವಿ ಬರೆಯಲಾರ.

ಬಾಣಸಿಗ: ಹಾಗಿದ್ದರೆ ದಮ್ ಪುಖ್ತ್ ಪುಟಪಾಕದ ಪಾರಸಿ ಹೆಸರೆಂದು ಬರೆಯಬಹುದೇ?

ನಿಘಂಟುಕಾರ: ಬರೆಯಬಾರದು. ನವಾಬನ ಕಥೆಯಲ್ಲಿರುವ ದೋಷವೇ ಅದರಲ್ಲೂ ನುಸುಳುತ್ತದೆ. ಬಾಯಿ ಮುಚ್ಚಿ ಬೇಯಿಸುವುದನ್ನು ಮನುಷ್ಯರು ಹಲವು ಕಡೆ ತಾವೇ ಕಂಡುಕೊಂಡಿದ್ದಾರೆ. ಒಂದು ಮತ್ತೊಂದರಿಂದ ಹುಟ್ಟಿತೆನ್ನಲು ಹೋಲಿಕೆಯೊಂದೇ ಸಾಲದು. ಪುಟಪಾಕದಲ್ಲಿ ಗುರಿ ರಸ ಅಥವಾ ಭಸ್ಮ, ದಮ್‌ನಲ್ಲಿ ಗುರಿ ಊಟ. ಹೇಳಬಹುದಾದದ್ದು ಇಷ್ಟೇ: ಪಾರಸಿಯ ಪದವೂ ಕ್ರಮವೂ ಭಾರತಕ್ಕೆ ಬಂದಾಗ, ಮುಚ್ಚಿದ ಪಾತ್ರೆಯೊಳಗಿನ ಶಾಖದ ಗುಣ ಇಲ್ಲಿನವರಿಗೆ ಅಪರಿಚಿತವಾಗಿರಲಿಲ್ಲ.

ಬಾಣಸಿಗ: ಇಷ್ಟೆಲ್ಲ ಆದ ಮೇಲೆ ಲಖನೌಗೆ ಏನು ಉಳಿಯಿತು? ಆ ಊರಿನ ಅಡುಗೆಯವರಿಗೆ ಅನ್ಯಾಯವಾಗಬಾರದು.

ನಿಘಂಟುಕಾರ: ಹುಟ್ಟಿಸಿದ ಕೀರ್ತಿ ಹೋದರೂ ಬೆಳೆಸಿದ ಕೀರ್ತಿ ಅವರದೇ. ಲಖನೌದ ಗತವೈಭವವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉರ್ದುವಿನಲ್ಲಿ ದಾಖಲಿಸಿದ ಅಬ್ದುಲ್ ಹಲೀಮ್ ಶರರ್, ಅಲ್ಲಿನ ಅಡುಗೆಮನೆಗಳಲ್ಲಿದ್ದ ಮೂರು ಅಂತಸ್ತುಗಳನ್ನು ವಿವರಿಸುತ್ತಾನೆ: ಪಾತ್ರೆ ತೊಳೆಯುವ ದೇಗ್‌ಶೋ, ಬಹುಜನರಿಗೆ ದೊಡ್ಡ ಪಾತ್ರೆಗಳಲ್ಲಿ ಬೇಯಿಸುವ ಬಾವರ್ಚಿ, ಕೆಲವರಿಗೆ ಮಾತ್ರ ಸಣ್ಣ ಹಂಡಿಗಳಲ್ಲಿ ಬಹು ನಾಜೂಕಾಗಿ ಮಾಡುವ ರಕಾಬ್‌ದಾರ್. ಹಳೆಯ ಕ್ರಮವನ್ನು ಸೂಕ್ಷ್ಮಗೊಳಿಸಿ ಪ್ರತಿಷ್ಠೆಗೆ ತಂದವರು ಇಂತಹ ಕೈಗಳು. ಲಖನೌದ ಅಡುಗೆ ಮನೆತನದಲ್ಲಿ ಹುಟ್ಟಿ 2024ರಲ್ಲಿ ನಿಧನರಾದ ಇಮ್ತಿಯಾಜ್ ಖುರೇಷಿ ಅದನ್ನು ನಕ್ಷತ್ರ ಹೋಟೆಲುಗಳಿಗೆ ಒಯ್ದು ದೇಶಕ್ಕೆಲ್ಲ ಪರಿಚಯಿಸಿದರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕ್ಷಾಮದ ದೇಗ್‌ಗಳಲ್ಲಿ ಬೆಂದ ಊಟವೂ ಸುಳ್ಳಾಗಿರಬೇಕಿಲ್ಲ. ಅಷ್ಟು ಮಂದಿಗೆ ಬಿಸಿ ಆರದಂತೆ ಬಡಿಸಬೇಕಾದರೆ ಬಾಯಿ ಕಟ್ಟುವುದೇ ಸಹಜ ಉಪಾಯ. ಆ ಅಡುಗೆಯವರು ಮೊದಲೇ ಬಲ್ಲ ಕ್ರಮವನ್ನು ಹಸಿದವರಿಗಾಗಿ ಬಳಸಿದರು ಎಂದು ತಿಳಿದರೆ ಅವರ ಗೌರವ ಹೆಚ್ಚುತ್ತದೆ, ಏಕೆಂದರೆ ಆಗ ಪರಿಮಳವನ್ನು ಮೂಸಿದವನಿಗೆ ಸಂದ ಕೀರ್ತಿ ಬೇಯಿಸಿದವರಿಗೆ ಮರಳುತ್ತದೆ.

ಬಾಣಸಿಗ: ಒಂದು ತೊಡಕು ಉಳಿದಿದೆ. ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಸೌದೆಯ ಒಲೆಯ ಮೇಲೆ ದಮ್ ಹಾಕಿ ಬಡಿಸುವವರಿದ್ದಾರೆ. ಹಾಗೆಯೇ ಮಸಾಲೆಯನ್ನೂ ಅನ್ನವನ್ನೂ ಬೇರೆಬೇರೆಯಾಗಿ ಪೂರ್ತಿ ಬೇಯಿಸಿ, ಕೊನೆಗೆ ಕಲಸಿ, ತಟ್ಟೆ ಮುಚ್ಚಿ ಐದು ನಿಮಿಷ ಇಟ್ಟು ಅದನ್ನೂ ದಮ್ ಎಂದು ಮಾರುವವರಿದ್ದಾರೆ. ಕುಕ್ಕರಿನಲ್ಲಿ ಸೀಟಿ ಹಾಕಿಸಿದ್ದಕ್ಕೂ ಅದೇ ಹೆಸರು ಬರುತ್ತಿದೆ. ಕೋಶ ಈ ಬಳಕೆಗಳನ್ನು ತಪ್ಪೆಂದು ಬಿಟ್ಟುಬಿಡಬೇಕು.

ನಿಘಂಟುಕಾರ: ಬಿಡಲು ಬರುವುದಿಲ್ಲ. ಜನರು ಬಳಸುತ್ತಿರುವ ಅರ್ಥವನ್ನು ದಾಖಲಿಸುವುದು ಕೋಶದ ಕರ್ತವ್ಯ, ಅದನ್ನು ಮೆಚ್ಚುವುದು ಅಥವಾ ಬಿಡುವುದು ಬೇರೆ ಮಾತು. ಇಂಗ್ಲಿಷರ ಬಾತುಕೋಳಿಯೂ ಒಂದು ಕಾಲದಲ್ಲಿ ಹೀಗೆಯೇ ದಾಖಲಾಯಿತು.

ಬಾಣಸಿಗ: ಹಾಗಾದರೆ ಅದನ್ನು ಎರಡನೆಯ ಅರ್ಥವಾಗಿ, ‘ಇತ್ತೀಚಿನ ಬಳಕೆ’ ಎಂಬ ಸೂಚನೆಯೊಂದಿಗೆ, ಕೆಳಗೆ ಹಾಕಬೇಕು, ಮೊದಲನೆಯ ಅರ್ಥದಲ್ಲಿ ಬಾಯಿ ಕಟ್ಟುವುದು, ಪದಾರ್ಥದ ಸ್ವಂತ ಹಬೆ, ಸಣ್ಣ ಶಾಖ ಈ ಮೂರೂ ಬರಬೇಕು, ನಿಧಾನ ಎಂಬ ಮಾತು ಬರಬೇಕಿಲ್ಲ.

ನಿಘಂಟುಕಾರ: ಮೂರೂ ಬರುತ್ತವೆ. ‘ನಿಧಾನ’ ಎಂಬುದನ್ನು ತೆಗೆಯಲಾಗುವುದು, ಆದರೆ ಮಾಂಸದ ಅಡುಗೆಗೆ ದೀರ್ಘಕಾಲ ಹಿಡಿಯುತ್ತದೆ ಎಂಬುದು ಉದಾಹರಣೆಯ ಸಾಲಿನಲ್ಲಿ ಉಳಿಯುತ್ತದೆ. ‘ದಮ್ಮು’ ಎಂಬ ಇನ್ನೊಂದು ನಮೂದಿಗೂ ಇಲ್ಲಿಂದ ಸೂಚನೆ ಕೊಡಬೇಕಾಗಿದೆ. ಅದು ಕರಡಿನಲ್ಲಿ ಈಗ ಕಾಯಿಲೆಯ ಹೆಸರಾಗಿ ಮಾತ್ರ ಇದೆ.